ಎರಡು ಸಾವಿರದ ಮುನ್ನೂರು

ಅಣ್ಣಾ,

ಹದಿನೈದು ದಿನದ ಹಿಂದೆ ಜ್ವರವೆಂದು ನಮ್ಮ ಲ್ಯಾಬಿಗೆ ಬಂದಿದ್ದ ಬಸ್ ಡ್ರೈವರ್ ಇವತ್ತು ಮತ್ತೆ ರಕ್ತ ಕೊಟ್ಟ. ಆಗ ಅವನ ಬಿಳಿ ರಕ್ತಕಣ ಎರಡು ಸಾವಿರದ ಮುನ್ನೂರಕ್ಕೆ ಇಳಿದಿತ್ತು, ಥೇಟ್ ನಿನ್ನದರಷ್ಟೇ. "ವೈರಲ್ ಜ್ವರದಲ್ಲಿ ಇಳಿಯುತ್ತೆ, ಆಮೇಲೆ ತಾನಾಗೇ ಏರುತ್ತೆ" ಅಂದಿದ್ದೆ. ನಿನಗೂ ಅದನ್ನೇ ಹೇಳಿದ್ದೆ. "ಹೂಂ ಕಣೇ ಸೊಳ್ಳೆ, ರಕ್ತದ ವಿಷಯ ನಿನಗಲ್ಲದೆ ಇನ್ಯಾರಿಗೆ ಗೊತ್ತು!" ಎಂದು ನೀನು ನಕ್ಕಿದ್ದೆ.

ಇವತ್ತು ಅವನದು ಆರು ಸಾವಿರ. "ನಿಮ್ಮ ಬಾಯಿಗೆ ಸಕ್ಕರೆ ಹಾಕ, ಮೇಡಂ" ಎಂದು ಹೋದ.

ನಾನು ನಿನ್ನ ಹಳೆಯ ಸ್ಲೈಡ್ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟೆ. ನೂರು ಕಣ ಎಣಿಸಿದೆ, ಮತ್ತೆ ಎಣಿಸಿದೆ. ತಪ್ಪು ಸಿಗಲಿಲ್ಲ. ಅದೇ ಅಂಕಿ, ಅದೇ ಮಾತು. ಅವನದು ಏರಿತು. ನಿನ್ನದು ಮೂರು ತಿಂಗಳಾದ ಮೇಲೆ ಆಸ್ಪತ್ರೆಯವರು ನೋಡುವ ಹೊತ್ತಿಗೆ ಇನ್ನೂ ಇಳಿದಿತ್ತು, ನೀನು ಉಳಿಯಲಿಲ್ಲ. ಅದು ವೈರಲ್ ಜ್ವರವೇ ಆಗಿತ್ತೋ, ಬೇರೇನೋ? ತಲೆಬುಡ ತಿಳಿಯುತ್ತಿಲ್ಲ.

ಡ್ರೈವರ್ ತಂದಿದ್ದ ಚೀಟಿ ಮೇಜಿನ ಮೇಲೇ ಇದೆ. ಅದರಲ್ಲಿ 'ಮರುಪರೀಕ್ಷೆ' ಎಂಬಲ್ಲಿ ನಾನು ಅವತ್ತೇ ಬರೆದುಕೊಟ್ಟಿದ್ದ ಇವತ್ತಿನ ತಾರೀಖು. ನಿನ್ನ ಚೀಟಿಯ ನಕಲಿಗಾಗಿ ಫೈಲೆಲ್ಲ ತಡಕಾಡಿದೆ, ಅಣ್ಣಾ. ಆಮೇಲೆ ನೆನಪಾಯಿತು: ಮನೆಯವನಲ್ಲವೇ ಎಂದು ನಿನಗೆ ಚೀಟಿ ಬರೆದೇ ಇರಲಿಲ್ಲ.