ಗುಂಡನನ್ನು ಕರೆಯುವ ದನಿ

ಜೂನ್ ೧೪, ಭಾನುವಾರ

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಆಶೀರ್ವಾದ ಅಭ್ಯಾಸಬಲದಿಂದ ಬಂತು, ಹಿಗ್ಗಬೇಡ. ಮನೆಯಲ್ಲಿ ನಿನ್ನ ಹೆಂಡತಿ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಫೋನ್ ಎತ್ತಲಿಲ್ಲ, ಕಾಗದವೂ ತಡವಾಯಿತು, ಕ್ಷಮಿಸು. ಎರಡು ಮೂರು ಸಲ ಬರೆದು ಹರಿದೆ. ಪ್ರತಿ ಸಲವೂ ಅಕ್ಕನಾದವಳು ಬರೆಯಬಾರದ ಮಾತೇ ಬರುತ್ತಿತ್ತು. ಈ ಸಲವೂ ಬರುತ್ತದೆ, ಆದರೆ ಹರಿಯುವುದಿಲ್ಲ.

ಮೃಗಾಲಯದ ಮೇಲ್ವಿಚಾರಕ ಸಾಹೇಬರು ಹೇಳಿ ಕಳಿಸಿದಂತೆ, ನಿನ್ನ ಭಾವನ ಗಂಬೂಟು, ಟಾರ್ಚು ಹಿಂತಿರುಗಿಸಲು ಬಂದಿದ್ದೆ. ಮನುಷ್ಯ ಹೋದರೂ ಗಂಬೂಟು ವಾಪಸ್ ಬರಬೇಕಂತೆ. ಆಫೀಸಿನಲ್ಲಿ ಒಪ್ಪಿಸಿ, ಗುಂಡನನ್ನೂ ನೋಡಿ ಹೋಗೋಣವೆಂದು ಕರಡಿಮನೆಯ ಹಿಂಬದಿಗೆ ನಡೆದೆ. ಮರಿಯಾಗಿದ್ದಾಗಿನಿಂದ ನಿನ್ನ ಭಾವ ಸಾಕಿದ ಕರಡಿ ಅವನು. ಆವರಣ ಮುಚ್ಚುವ ಹೊತ್ತು. ಆಗ ಕೇಳಿಸಿತು.

“ಗುಂಡಾ... ಬಾರೋ ಕಂದಾ. ಕತ್ತಲಾಯ್ತು. ನಾನಿದ್ದೀನಿ, ಬಾ.”

ಸತ್ತು ಮೂರು ತಿಂಗಳಾದ ಗಂಡನ ದನಿ. ಒಳಬೋನಿನ ಸರಳಿಗೆ ತಂತಿ ಸುತ್ತಿ ಕಟ್ಟಿದ್ದ ಸ್ಪೀಕರ್ ಕಂಡ ಮೇಲೆಯೇ ಅರ್ಥವಾದದ್ದು. ಗುಂಡ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಹಿಂದೆ ಬಾಗಿಲು ಧಡ್ ಎಂದು ಬಿತ್ತು. ಅವನು ತಿರುಗಿಯೂ ನೋಡಲಿಲ್ಲ. ಎರಡು ಕಾಲ ಮೇಲೆ ನಿಂತು ಸ್ಪೀಕರ್ ಮೂಸಿದ, ಮೂಲೆ ಮೂಲೆ ಹುಡುಕಿದ, ಗೋಡೆ ಕೆರೆದ. ಅವನ ಓಟ ನೋಡಿ ಹೊರಗೆ ಜನ ನಗುವುದು ಕೇಳಿಸುತ್ತಿತ್ತು.

ಈಗ ಕರಡಿಮನೆಯ ಉಸ್ತುವಾರಿ ನಿನ್ನದು. ನಿನ್ನನ್ನು ಕೇಳಿದ್ದಕ್ಕೆ ಏನೆಂದೆ? “ಅಕ್ಕಾ, ಭಾವ ಹೋದ್ಮೇಲೆ ಅದು ಒಳಗೇ ಬರ್ತಿರ್ಲಿಲ್ಲ. ರಾತ್ರಿಯೆಲ್ಲಾ ಹೊರಗೆ ಕೂತಿರೋದು. ಮೇಲಿನೋರು ನನ್ನ ತಲೆ ತಿಂತಿದ್ರು. ಆಸ್ಪತ್ರೇಲಿ ಭಾವನೇ ರೆಕಾರ್ಡ್ ಮಾಡ್ಕೋ ಅಂದಿದ್ರು. ಪ್ರಾಣಿಗೆ ಏನ್ ಗೊತ್ತಾಗತ್ತೆ ಬಿಡು.”

ಏನೂ ಗೊತ್ತಾಗದ ಪ್ರಾಣಿಗೆ ಅದೇ ದನಿ ಯಾಕೆ ಬೇಕಿತ್ತು? ನಿನ್ನ ಗಂಟಲಿಗೆ ಏನಾಗಿತ್ತು? ನೀನು ಕರೆದರೆ ಬರುವುದಿಲ್ಲವೆಂದು ಗೊತ್ತಿದ್ದೇ ಸತ್ತವರನ್ನು ಕೆಲಸಕ್ಕೆ ಹಚ್ಚಿದ್ದೀಯ. ಕಾಡಿನಿಂದ ತಂದಿರಿ, ಸುತ್ತ ಕಂದಕ ತೋಡಿದಿರಿ, ಯಾವಾಗ ತಿನ್ನಬೇಕು, ಎಲ್ಲಿ ಮಲಗಬೇಕು, ಎಲ್ಲ ನೀವೇ ಹೇಳಿದಿರಿ. ಒಳಗೆ ಬರುವುದಿಲ್ಲ ಎಂಬುದೊಂದೇ ಅವನ ಸ್ವಂತದ್ದಾಗಿ ಉಳಿದಿತ್ತು. ಅದು ಹಟವಲ್ಲ, ದುಃಖ ಕಣೋ. ಅದನ್ನೂ ಕಿತ್ತುಕೊಂಡೆ. ದಿನಾ ಸಂಜೆ ಅವನ ಮೂಗಿಗೆ ತುಪ್ಪ ಸವರಿ ಬೀಗ ಹಾಕುತ್ತೀಯ, ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣುತ್ತೀಯ.

ನಿನ್ನ ಭಾವನ ಮೇಲೂ ನನಗೆ ಸಿಟ್ಟಿದೆ. ಎಷ್ಟು ಪ್ರೀತಿಯಿಂದ ಕರೆದರೂ ಕರೆದದ್ದು ಬೋನಿಗೇ. ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ. ಬದುಕಿದ್ದಾಗ ಬಾಗಿಲು ಬಿದ್ದ ಮೇಲೆ ಪಕ್ಕದಲ್ಲಿ ಕೂರುತ್ತಿದ್ದರು, ಅಷ್ಟೇ ವ್ಯತ್ಯಾಸ. ಆಸ್ಪತ್ರೆಯಲ್ಲಿ ನನ್ನನ್ನು ಮಾತ್ರೆ ತರಲು ಕಳಿಸಿ ಇಬ್ಬರೂ ಈ ಘನಕಾರ್ಯ ಮುಗಿಸಿದಿರಿ. ನಾನು ವಾಪಸ್ ಬಂದಾಗ “ಸುಸ್ತಾಗಿದೆ, ಆಮೇಲೆ ಮಾತಾಡ್ತೀನಿ” ಎಂದು ಕಣ್ಣು ಮುಚ್ಚಿದರು. ಆಮೇಲೆ ಮಾತಾಡಲೇ ಇಲ್ಲ.

ಆ ಸ್ಪೀಕರ್ ಕಿತ್ತುಹಾಕು. ಒಳಬೋನಿನ ಬಾಗಿಲು ತೆರೆದಿಡು, ಮನಸ್ಸಾದಾಗ ಬರಲಿ. ಬಾರದಿದ್ದರೆ ಊಟ ಹೊರಗೇ ಇಡು. ನಿನ್ನ ಮೇಲಿನವರು ಬೈದರೆ ಬೈಸಿಕೋ. ಆ ದನಿಯನ್ನು ನಿನ್ನ ಮೊಬೈಲಿನಿಂದಲೂ ಅಳಿಸು. ಶುಕ್ರವಾರ ಬಂದು ನೋಡುತ್ತೇನೆ. ಹಾಗೇ ಇದ್ದರೆ ಮತ್ತೆ ನನ್ನನ್ನು ಅಕ್ಕಾ ಎನ್ನಬೇಡ.

ಮಕ್ಕಳು ನೂರು ಕಾಲ ಬಾಳಲಿ. ನಿನಗೆ ಬುದ್ಧಿ ಬರಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಅವತ್ತು ನಿನ್ನ ಜೊತೆ ಜಗಳವಾಡಿದ ಮೇಲೂ ನಾನು ಹೊರಡಲಿಲ್ಲ, ಕರಡಿಮನೆಗೇ ವಾಪಸ್ ಹೋದೆ. ಗುಂಡನ ಗಲಾಟೆ ನಿಲ್ಲಲಿಲ್ಲವೆಂದು ಹೊಸ ಕಾವಲುಗಾರ ಆ ದನಿಯನ್ನು ಇನ್ನೊಮ್ಮೆ ಹಾಕಿದ. “ನಾನಿದ್ದೀನಿ, ಬಾ” ಎಂದದ್ದೇ ತಡ, ನಾನೇ ಬೋನಿನ ಕಡೆ ಹೆಜ್ಜೆ ಇಟ್ಟಿದ್ದೆ. ಅಷ್ಟು ಮೆತ್ತಗೆ ಅವರು ನನ್ನನ್ನು ಒಂದು ದಿನವೂ ಕರೆದವರಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಶುಕ್ರವಾರಕ್ಕೆ ಮೊದಲೇ ಅಳಿಸಿಬಿಡು. ನಾನು ಬಂದಾಗ ಅದು ಇನ್ನೂ ಇದ್ದರೆ ಇನ್ನೊಂದು ಸಲ ಹಾಕು ಎಂದುಬಿಡುತ್ತೇನೆ, ಗುಂಡ ಮತ್ತೆ ಓಡಿ ಬರುತ್ತಾನೆ.