ಒಂಟಿ ಸೀನು

ಸೊರಬ
12 ನವೆಂಬರ್ 2024

ಮಹಾಂತೇಶ್ ಅವರಿಗೆ,

'ಪ್ರೀತಿಯ' ಎಂದು ಶುರುಮಾಡಲು ಕೈ ಬರಲಿಲ್ಲ, ಬಿಡಿ. ನಿಮ್ಮ ಸೋದರಮಾವ ಪರಮಶಿವಪ್ಪನವರು ನಿನ್ನೆ ನನ್ನ ತವರಿಗೆ ಬಂದಿದ್ದರು. ಪೊಲೀಸರಿಗೆ ಕೊಟ್ಟ ದೂರು ವಾಪಸ್ ತೆಗೆದುಕೊಂಡು ನಾನು ಶಿಕಾರಿಪುರಕ್ಕೆ ಬರಬೇಕಂತೆ. ಮೂಗು ಬಾಗಿಲಿಗೆ ಬಡಿದು ಮುರಿಯಿತು ಅನ್ನಬೇಕಂತೆ. "ಸಾಕ್ಷಿ ಯಾರು ಹೇಳ್ತಾರೆ?" ಎಂದು ಕೇಳಿಕಳಿಸಿದ್ದೀರಂತೆ. ಅಬ್ಬಾ, ನಿಮ್ಮ ಧೈರ್ಯವೇ!

ರೀ, ನನ್ನ ಸೀನು ಮೆಕ್ಕೆಜೋಳ ಹೂ ಬಿಡುವ ಕಾಲದ್ದು, ನಾನು ಬೇಕೆಂದು ತಂದುಕೊಂಡದ್ದಲ್ಲ. ನೀವು ಬೆಳಿಗ್ಗೆ ಜೋಳದ ಖರೀದಿಗೆ ಹೊರಡುವಾಗಲೇ ಹಾಳಾದ್ದು ಬರುತ್ತಿತ್ತು. ಅತ್ತೆ, "ಒಂಟಿ ಸೀನಾತಲ್ಲೋ, ಸ್ವಲ್ಪ ಕುಂತು ನೀರು ಕುಡ್ಕಂಡು ಹೋಗು" ಅನ್ನುವರು. ನೀವು ಕೂರುತ್ತಿರಲಿಲ್ಲ. ಹೊಸ್ತಿಲಿಂದ ತಿರುಗಿ ಬಂದು, ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದು, ಅಪಶಕುನ ಕಳೆಯಿತು ಎಂದು ಹೊರಡುತ್ತಿದ್ದಿರಿ.

ಸೀನು ನಿಂತರೆ ಹೊಡೆತವೂ ನಿಲ್ಲುತ್ತದೆ ಎಂದು ನಂಬಿದೆ, ಪೆದ್ದಿ ನಾನು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಮೂಗಿಗೆ ಬಿಡುವ ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿದೆ ಎಂದು ಕೇಳಿ ಹೆಸರು ಕೊಟ್ಟದ್ದು ಅದಕ್ಕೇ. ಕೆಲವರ ಸೀಸೆಯಲ್ಲಿ ಔಷಧಿ, ಕೆಲವರದರಲ್ಲಿ ಬರೀ ಉಪ್ಪುನೀರು, ಯಾರಿಗೆ ಯಾವುದು ಎಂದು ನಮಗೂ ಗೊತ್ತಿಲ್ಲ ಅಂದರು ಡಾಕ್ಟರು. ನನಗೆ ಔಷಧಿಯೇ ಸಿಕ್ಕಿರಲಪ್ಪಾ ಎಂದು ಬೇಡಿಕೊಂಡು ದಿನಾ ಮೂಗಿಗೆ ಸಿಂಪಡಿಸಿಕೊಂಡೆ. ಕೆಲವೇ ದಿನಗಳಲ್ಲಿ ಸೀನು ನಿಂತೇಹೋಯಿತು! ಆ ಖುಷಿಗೆ ಮಿರ್ಚಿ ಮಾಡೋಣವೆಂದು ಎಣ್ಣೆ ಇಟ್ಟೆ.

ಅವತ್ತೇ ನೀವು ಕಣ್ಣಿಟ್ಟಿದ್ದ ಜೋಳ ಮಾರುಕಟ್ಟೆಯ ಟೆಂಡರಿನಲ್ಲಿ ಬೇರೆಯವರ ಪಾಲಾಗಿತ್ತು. ನೇರ ಅಡುಗೆಮನೆಗೆ ನುಗ್ಗಿದಿರಿ. ಇವತ್ತು ಅವಳು ಸೀನಲೇ ಇಲ್ಲ ಎಂದರು ಅತ್ತೆ. "ಸೀನೋ ಹಂಗೆ ಮುಖ ಮಾಡಿದ್ಲಲ್ಲ!" ಎಂದು ಕಿರುಚಿ ಹೆಲ್ಮೆಟ್ಟಿನಿಂದ ನನ್ನ ಮುಖಕ್ಕೆ ಬಾರಿಸಿದಿರಿ. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಬಿದ್ದವಳ ಪಕ್ಕೆಗೆ ಒದ್ದಿರಿ. ರಕ್ತ ಗಂಟಲಿಗಿಳಿದು ಉಸಿರು ಕಟ್ಟಿತು. ಹೇಗೆ ಎದ್ದೆನೋ, ಕುದಿಯುವ ಎಣ್ಣೆಯ ಬಾಣಲೆಯ ಹಿಡಿಗೆ ಕೈ ಹಾಕಿದ್ದೆ. ನಿಮ್ಮ ಮುಖಕ್ಕೆ ಎರಚುವವಳೇ, ಅತ್ತೆ ತಬ್ಬಿ ಹಿಂದಕ್ಕೆಳೆದರು. ಎರಚಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಮೂಗು ಮುರಿದವಳೆಂದು ಆಸ್ಪತ್ರೆಯವರು ನನ್ನನ್ನು ಪರೀಕ್ಷೆಯಿಂದ ಕೈಬಿಟ್ಟರು. ನನ್ನ ಸೀಸೆಯಲ್ಲಿ ಏನಿತ್ತೋ ನನಗೆ ಇನ್ನೂ ಗೊತ್ತಿಲ್ಲ. ಏನಾದರೂ ಇರಲಿ, ನಾನು ಸೀನಿದರೂ ಹೊಡೆಯುತ್ತೀರಿ, ಸೀನದಿದ್ದರೂ ಹೊಡೆಯುತ್ತೀರಿ. ದೂರು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನು ಬರುವುದೂ ಇಲ್ಲ.

ಇನ್ನು ನಿಮ್ಮವಳಲ್ಲದ,
ಧನ್ಯಾ

ಮತ್ತೆ ಬರೆದದ್ದು: ಅತ್ತೆ ಕುಬಟೂರಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ ಅಂದುಕೊಂಡಿದ್ದೀರೇನೋ. ಇವತ್ತು ಬೆಳಿಗ್ಗೆ ಅವರು ಬಸ್ಸಿಳಿದು ನೇರ ಇಲ್ಲಿಗೇ ಬಂದರು. ರಕ್ತ ಅಂಟಿದ ಹೆಲ್ಮೆಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದರು. ಇಬ್ಬರೂ ಠಾಣೆಗೆ ಹೋಗಿ ಬಂದೆವು. ಅತ್ತೆ ತಾವು ಕಂಡದ್ದನ್ನೆಲ್ಲ ಹೇಳಿ ಬರೆಸಿದರು. ಅವರ ಮೂಗೂ ಸ್ವಲ್ಪ ಡೊಂಕಲ್ಲವೇ? ಅದು ಯಾರಿಂದ ಎಂದು ಕೇಳುವವರಿಲ್ಲದಿದ್ದರೂ ಹೇಳಿದರು. ನಿಮ್ಮ ಅಪ್ಪನ ಹೆಸರು ಹೇಳಿದರು.