ಹೆಣೆಯದೆ ಉಳಿದ ಎಡತೋಳು

ಶಿಡ್ಲಘಟ್ಟ
ಶನಿವಾರ, ೧೧ ಜನವರಿ ೨೦೨೫

ಪ್ರೀತಿಯ ಬುಷ್ರಾ,

ಅಸ್ಸಲಾಮು ಅಲೈಕುಂ. ಹೇಗಿದ್ದೀಯ? ಬೀದರಿನಲ್ಲಿ ಈ ಸಲ ಚಳಿ ಜಾಸ್ತಿ ಎಂದು ಪೇಪರಿನಲ್ಲಿ ಓದಿದೆ. ಗಂಟಲು ನೋವು ಹೋಯಿತೆ? ಪಾಠ ಮಾಡುವಾಗ ಕೂಗಬೇಡ. ಮೆಲ್ಲಗೆ ಹೇಳಿದರೆ ಮಕ್ಕಳು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ದಿನವೂ ಫೋನಿನಲ್ಲಿ ಸಿಗುವ ಅಕ್ಕ, ಈ ಆಪಾ, ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಫೋನು ಬಂದರೆ ಅಮ್ಮಿ ಅದನ್ನು ಸ್ಪೀಕರಿಗೆ ಹಾಕಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಅವರ ವಿಷಯವನ್ನು ಅವರ ಮಡಿಲಿಗೇ ಹೇಗೆ ಹೇಳುವುದು? ಕನ್ನಡ ಓದಲು ಅವರಿಗೆ ಬಾರದು, ಹಾಗಾಗಿ ಎದುರಿಗೇ ಕೂತು ಬರೆಯುತ್ತಿದ್ದೇನೆ. ಏನದು ಅಷ್ಟುದ್ದ ಎಂದು ಈಗ ತಾನೇ ಕೇಳಿದರು. ಸ್ವೆಟರ್ ವಿಷಯ ಎಂದೆ. ಅದು ಸುಳ್ಳಲ್ಲ.

ಸೋಮವಾರ ಮತ್ತು ಗುರುವಾರ ಬೆಳಗಿನ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಅಲ್ಲಿನ ಚಳಿ. ಮೆಷಿನ್ನುಗಳಿಗೋಸ್ಕರ ಎ.ಸಿ. ಹಾಕಿರುತ್ತಾರೆ, ಮೈಯಿಂದ ಹೊರಗೆ ಹೋದ ರಕ್ತ ತಣ್ಣಗಾಗಿ ವಾಪಸು ಬರುತ್ತದೆ. ನಾಲ್ಕು ಗಂಟೆ ಅಮ್ಮಿಯ ಹಲ್ಲು ಕಟಕಟ ಅನ್ನುತ್ತಿರುತ್ತದೆ. ಶಾಲು ಹೊದಿಸಿದರೆ ಜಾರುತ್ತದೆ. ಸ್ವೆಟರ್ ತೊಡಿಸೋಣವೆಂದರೆ ಸೂಜಿ ಚುಚ್ಚುವುದು ಎಡಗೈಗೆ, ತೋಳನ್ನು ಮೇಲಕ್ಕೆ ಸುತ್ತಿದರೆ ಬಿಗಿಯುತ್ತದೆ. ಅದಕ್ಕೇ ನಾನೇ ಕ್ರೋಶಾದಲ್ಲಿ ಒಂದು ಕಾರ್ಡಿಗನ್ ಹೆಣೆಯಲು ಕೂತೆ. ಮುಂದೆ ಐದು ಗುಂಡಿ, ಎಡತೋಳಿಗೆ ಹೆಗಲಿಂದ ಮಣಿಕಟ್ಟಿನವರೆಗೆ ಬೇರೆ ಏಳು ಗುಂಡಿ. ಬಸ್ಸಿನಲ್ಲಿ ಹಾಕಿಕೊಂಡಿರಬಹುದು, ಅಲ್ಲಿ ಹೋದಮೇಲೆ ಅಷ್ಟನ್ನೇ ಬಿಚ್ಚಿದರಾಯಿತು. ಬಣ್ಣ ಅಮ್ಮಿ ಆರಿಸಿದ್ದು, ಬದನೆಕಾಯಿ ಬಣ್ಣ. ಅಲ್ಲಿ ಪಕ್ಕದ ಹಾಸಿಗೆಗೆ ನಂದಿಯಿಂದ ಬರುವ ಆವಲಪ್ಪನವರು, ದ್ರಾಕ್ಷಿ ತೋಟದವರು, ಅಮ್ಮಿಯನ್ನು ರೇಗಿಸುತ್ತಾರೆ: "ನಂಗೂ ಒಂದು ಹೆಣೆಸ್ಕೊಡಮ್ಮಾ, ಒಂದು ಬುಟ್ಟಿ ದ್ರಾಕ್ಷಿ ತಂದ್ಕೊಡ್ತೀನಿ." ಅದಕ್ಕೆ ಒಮ್ಮೆ ಅಮ್ಮಿ, "ನೀವೂ ತಿನ್ನಂಗಿಲ್ಲ, ನಾನೂ ತಿನ್ನಂಗಿಲ್ಲ, ಯಾರಿಗಪ್ಪಾ ಆ ದ್ರಾಕ್ಷಿ?" ಎಂದರು. ಆ ದಿನ ಇಡೀ ವಾರ್ಡು ನಕ್ಕಿತು.

ಬೆನ್ನು, ಎರಡು ಎದೆ ಭಾಗ, ಬಲತೋಳು ಮುಗಿದು ಒಂದು ತಿಂಗಳಾಯಿತು. ಎಡತೋಳು ಮಾತ್ರ ನನ್ನ ಕೈಗೆ ಹತ್ತುತ್ತಿಲ್ಲ. ಅಮ್ಮಿ ನಮ್ಮಿಬ್ಬರಿಗೂ ಕ್ರೋಶಾ ಕಲಿಸಿದ್ದು ನಮಾಜಿನ ಟೋಪಿ ಹೆಣೆಯಲು, ನೆನಪಿದೆಯಾ? ನನ್ನ ಟೋಪಿ ತಲೆಗೆ ಅಂಟಿ ಕೂರುತ್ತಿತ್ತು. ನಿನ್ನದು ಅಬ್ಬಾನ ಕಿವಿ ದಾಟಿ ಇಳಿಯುತ್ತಿತ್ತು. "ಇದು ಟೋಪಿಯಲ್ಲ ಬೇಟಾ, ರೇಷ್ಮೆಗೂಡಿನ ಚೀಲ" ಎಂದು ನಗುತ್ತಲೇ ಈದ್ ದಿನ ಅದನ್ನೇ ಹಾಕಿಕೊಂಡು ಹೋದರು. ಚರಕದಲ್ಲಿ ಗೂಡಿನಿಂದ ರೇಷ್ಮೆ ಎಳೆ ಬಿಚ್ಚುವಾಗಲೂ ಹಾಗೇ. ಎಳೆ ಸಡಿಲ ಬಿಡಬಾರದು ಎಂಬುದು ಅಬ್ಬಾನ ಮೊದಲ ಪಾಠ, ನಿನಗೆ ಅದು ಬರಲೇ ಇಲ್ಲ. ಏಳನೇ ಕ್ಲಾಸಿನಲ್ಲಿ ನಿನ್ನನ್ನು ಚರಕದಿಂದ ಎಬ್ಬಿಸಿ, "ಇವಳು ಓದಲಿ, ಕಹಕಶಾನ್ ಕೈ ಸಾಕು" ಎಂದರು. ನನ್ನ ಆ ಕೈ ಇಪ್ಪತ್ತೆಂಟು ವರ್ಷದಿಂದ ಎಳೆ ಹಿಡಿದಿದೆ. ಅಬ್ಬಾನ ಚರಕ ನಿಂತಮೇಲೂ ಬೇರೆಯವರ ಘಟಕದಲ್ಲಿ ಹಿಡಿದಿದೆ. ಇದನ್ನು ದೂರು ಎಂದು ಬರೆಯುತ್ತಿಲ್ಲ. ಸ್ವಲ್ಪ ದೂರೂ ಇರಬಹುದು. ಅಷ್ಟನ್ನು ನೀನು ಸಹಿಸಿಕೋ.

ಆದದ್ದು ಇಷ್ಟು. ಡಿಸೆಂಬರಿನ ಎರಡನೇ ಗುರುವಾರ ಕಾರ್ಡಿಗನ್ ಮುಗಿಸಿ, ಸಂಭ್ರಮದಿಂದ ಅಮ್ಮಿಗೆ ತೊಡಿಸಿ, ತೋಳಿನ ಏಳು ಗುಂಡಿಯನ್ನೂ ಹಾಕಿ ಬಸ್ಸು ಹತ್ತಿಸಿ ಜೊತೆಗೆ ಹೊರಟೆ. ಸೂಜಿ ಹಾಕುವ ಆ ಕೈಯಲ್ಲಿ, ಆಪರೇಷನ್ ಮಾಡಿ ರಕ್ತನಾಳ ಕೂಡಿಸಿದ ಜಾಗದಲ್ಲಿ, ಬೆರಳಿಟ್ಟರೆ ಒಳಗೆ ರಕ್ತ ಓಡುವುದು ಝುಮ್ಮೆನ್ನುತ್ತದೆ. "ನಿಮ್ಮಬ್ಬಾನ ಚರಕ ಇಲ್ಲಿ ತಂದಿಟ್ಟಿದ್ದಾರೆ" ಎನ್ನುತ್ತಾರೆ ಅಮ್ಮಿ. ಆ ಕೈಗೆ ಬಳೆ ಸಹ ಹಾಕಬಾರದು, ಏನೂ ಬಿಗಿಯಬಾರದು; ಆ ಝುಮ್ಮು ನಿಂತರೆ ಸೂಜಿ ಹಾಕಲು ಜಾಗವೇ ಇಲ್ಲ. ಅದು ನನಗೆ ಗೊತ್ತಿತ್ತು. ಮನೆಯಲ್ಲಿ ನಿಂತು ತೊಡಿಸಿದಾಗ ಬಿಗಿಯಾಗಿರಲಿಲ್ಲ. ಆದರೆ ಬಸ್ಸಿನಲ್ಲಿ ಆ ಕೈ ಮಡಿಸಿ ನಲವತ್ತು ನಿಮಿಷ ಕೂತಿದ್ದಾರೆ. ಆಸ್ಪತ್ರೆಯಲ್ಲಿ ಗುಂಡಿ ಬಿಚ್ಚಿದರೆ ಚರ್ಮದ ಮೇಲೆ ನನ್ನ ಹೆಣಿಗೆಯ ಒಂದೊಂದು ಕಣ್ಣೂ ಕೆಂಪಗೆ ಅಚ್ಚಾಗಿತ್ತು. ಬೆರಳಿಟ್ಟೆ, ಝುಮ್ಮೆನ್ನಲಿಲ್ಲ. ನರ್ಸ್ ಮಾಲಾ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಆ ಹೊತ್ತನ್ನು ನಾನು ಬರೆಯಲಾರೆ. ಆಮೇಲೆ ಸಣ್ಣಗೆ ಬಂತು, ನಿಧಾನವಾಗಿ ಸರಿಹೋಯಿತು. "ಅಕ್ಕಾ, ಇದು ಸ್ವೆಟರಾ, ಹಗ್ಗದ ಕಟ್ಟಾ?" ಎಂದು ಮಾಲಾ ಬೈದಳು. ಅಮ್ಮಿ, "ಬಯ್ಬೇಡಮ್ಮಾ, ಅವಳ ಕೈ ಹಾಗೆ, ಅವರಪ್ಪ ಕಲಿಸಿದ್ದು" ಎಂದರು. ಬೈಗುಳಕ್ಕಿಂತ ಅದೇ ನನಗೆ ಹೆಚ್ಚು ತಾಗಿತು.

ಆ ತೋಳನ್ನು ಅಂದೇ ಬಿಚ್ಚಿದೆ. ಮೂರು ಸಲ ಹೆಣೆದು ಮೂರು ಸಲವೂ ಬಿಚ್ಚಿದ್ದೇನೆ. ದಪ್ಪ ಕಡ್ಡಿ ತಂದೆ, ಕಣ್ಣು ಹೆಚ್ಚಿಸಿದೆ. ಮೊದಲ ಹತ್ತು ಸಾಲು ಸಡಿಲ ಇರುತ್ತದೆ, ಹನ್ನೊಂದರಿಂದ ಕೈ ತನ್ನ ಪಾಡಿಗೆ ತಾನು ಎಳೆಯುತ್ತದೆ. ಗೂಡು ಬೇಯಿಸುವ ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಮರಗಟ್ಟಿವೆ, ಎಳೆದದ್ದು ಎಳೆದಮೇಲೇ ತಿಳಿಯುವುದು. ಲೈಬ್ರರಿಯಿಂದ ತರುವ ಅನುವಾದದ ಕಾದಂಬರಿಗಳಲ್ಲಿ ಚಳಿದೇಶದ ಹೆಂಗಸರು ಬೆಂಕಿಯ ಮುಂದೆ ಕೂತು ಹೆಣೆಯುತ್ತಲೇ ಇರುತ್ತಾರೆ. ಒಬ್ಬಳಾದರೂ ಬಿಚ್ಚಿದ್ದನ್ನು ನಾನು ಓದಿಲ್ಲ. ಬಿಚ್ಚಿ ಬಿಚ್ಚಿ ಉಲ್ಲನ್ ಎಳೆ ನೂಡಲ್ಸಿನಂತೆ ಸುರುಳಿಗಟ್ಟಿದೆ. ಇತ್ತ ಅಮ್ಮಿ, "ಸ್ವೆಟರ್ ಆಗ್ಲಿ, ಆಮೇಲೆ ಎರಡು ದಿನಾನೂ ಹೋಗಣ" ಎಂದು ಸೋಮವಾರ ಹೋಗುವುದನ್ನು ನಿಲ್ಲಿಸಿದ್ದಾರೆ. ಮೂರು ಸೋಮವಾರ ತಪ್ಪಿತು. ಪಾದ ಊದಿಕೊಂಡಿದೆ. ಎರಡು ದಿಂಬಿಲ್ಲದೆ ಮಲಗಲಾರರು. ಹೀಗೇ ಬಿಟ್ಟರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ ಎಂದು ಮಾಲಾ ನನ್ನನ್ನು ಹೊರಗೆ ಕರೆದು ಹೇಳಿದಳು.

ಇನ್ನು ಹಾಳೆ ಉಳಿದಿಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡು, ಕತ್ತಿಗೆ ಮಫ್ಲರ್ ಸುತ್ತಿಕೋ. ಅಮ್ಮಿ ನಿನಗೂ ನಿನ್ನ ಶಾಲೆಯ ಮಕ್ಕಳಿಗೂ ದುವಾ ಹೇಳಿದ್ದಾರೆ. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ಆಪಾ,
ಕಹಕಶಾನ್

ಮರೆತಿದ್ದು (ಹಾಳೆಯ ಹಿಂಬದಿಗೆ): ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸೋಮವಾರ ತಪ್ಪುತ್ತಿರುವುದು ಸ್ವೆಟರಿನಿಂದಲ್ಲ. ಆ ಗುರುವಾರದ ನಂತರದ ಸೋಮವಾರ, ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಮ್ಮಿಯ ಹೆಗಲ ಮೇಲೆ ನಿದ್ದೆಹೋದೆ. ಡಯಾಲಿಸಿಸ್ ಮುಗಿಸಿ ಬಂದ ಹೆಗಲದು. ಕಣ್ಣು ಬಿಟ್ಟರೆ ಚಿಂತಾಮಣಿ ಸ್ಟ್ಯಾಂಡು. ಅವರು ಎಚ್ಚರವಾಗಿಯೇ ಇದ್ದರು, ಶಿಡ್ಲಘಟ್ಟ ಬಂದದ್ದನ್ನೂ ದಾಟಿದ್ದನ್ನೂ ನೋಡಿದ್ದರು, ನನ್ನನ್ನು ಎಬ್ಬಿಸಲಿಲ್ಲ. ಮುಂದಿನ ವಾರದಿಂದ "ಸೋಮವಾರ ನಕ್ಕೋ, ಸೋಮವಾರ ಬೇಡ" ಶುರುವಾಯಿತು. ನನಗೆ ವಾರಕ್ಕೊಂದು ದಿನ ಉಳಿಸಿಕೊಡುತ್ತಿದ್ದಾರೆ, ಬುಷ್ರಾ, ತಮ್ಮ ಉಸಿರಿನಿಂದ. ನಾನು ಬೇಡವೆಂದರೆ ಕೇಳುವುದಿಲ್ಲ. ಕರೆದುಕೊಂಡು ಹೋಗಲು ಇನ್ನೊಬ್ಬರು ಇದ್ದಾರೆ ಎಂದು ಕಣ್ಣಾರೆ ಕಂಡರೆ ಮಾತ್ರ ಹೊರಡುತ್ತಾರೆ. ರಜೆ ಕೇಳು, ಒಂದು ತಿಂಗಳಾದರೂ. ನಾನು ದಣಿದಿದ್ದೇನೆ. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಎಡತೋಳಿಗೆ ನಿನ್ನ ಸಡಿಲ ಕೈಯೇ ಬೇಕು. ಕಡ್ಡಿ, ಉಲ್ಲನ್, ಏಳು ಗುಂಡಿ ಎಲ್ಲ ಪೊಟ್ಟಣ ಕಟ್ಟಿ ಈ ಕಾಗದದ ಜೊತೆಗೇ ಕಳಿಸಬಹುದಿತ್ತು. ಕಳಿಸಿದರೆ ನೀನು ಅಲ್ಲೇ ಹೆಣೆದು ಅಂಚೆಗೆ ಹಾಕುತ್ತಿದ್ದೆ. ಅದಕ್ಕೇ ಕಳಿಸಿಲ್ಲ.